ಬೀದಿಯ ವೇಗ ಅಳೆಯಲು ರೇಡಾರ್ ತಂದೆ, ಕೆಲಸಕ್ಕೆ ಬಂದದ್ದು ಹಳೇ ಫೋನು

ಮೊದಲೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ಗಾಡಿಗಳು ಎಷ್ಟು ಜೋರಾಗಿ ಹೋಗುತ್ತವೆ ಎಂದು ಮನೆಯಿಂದಲೇ ಅಳೆಯಬೇಕಿದ್ದರೆ ಬೀರುವಿನಲ್ಲಿ ಬಿದ್ದಿರುವ ಹಳೇ ಫೋನಿನ ಕ್ಯಾಮೆರಾ ಸಾಕು. ನಾನು ದುಡ್ಡು ಕೊಟ್ಟು ರೇಡಾರ್ ತರಿಸಿ, ಮೂರು ವಾರ ಅದರ ಹಿಂದೆ ಬಿದ್ದು, ಆಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಮೈಸೂರಿನ ಕುವೆಂಪುನಗರದ ಒಂದು ಕ್ರಾಸ್. ಸಿಗ್ನಲ್ ತಪ್ಪಿಸಬೇಕು ಎನ್ನುವವರೆಲ್ಲ ಇಲ್ಲಿಂದಲೇ ನುಗ್ಗುತ್ತಾರೆ. ಬೆಳಿಗ್ಗೆ ಮಕ್ಕಳು ಸ್ಕೂಲ್ ವ್ಯಾನಿಗೆ ಕಾಯುವುದು ಇಲ್ಲೇ, ನಮ್ಮ ಅತ್ತೆ ಹಾಲು ತರಲು ರಸ್ತೆ ದಾಟುವುದೂ ಇಲ್ಲೇ. ಒಂದು ಹಂಪ್ ಹಾಕಿಸಿ ಎಂದು ಕೇಳೋಣ ಅಂದರೆ ಬೀದಿಯವರಲ್ಲೇ ಅರ್ಧ ಜನ "ಅಷ್ಟೇನೂ ಸ್ಪೀಡ್ ಇರಲ್ಲ, ನಿಮಗೆ ಹಾಗನ್ನಿಸುತ್ತೆ" ಎನ್ನುತ್ತಾರೆ. ಅದಕ್ಕೇ ಲೆಕ್ಕ ಬೇಕಾಯಿತು. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಹೋಗುತ್ತದೆ. ಓಡಿಸುವವರ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ನಮ್ಮ ಗೇಟು ದಾಟಿ ಪಕ್ಕದ ಮನೆ ಗೇಟೂ ದಾಟಿರುತ್ತದೆ.

ಮೊದಲು ತರಿಸಿದ್ದು ಎಚ್‌ಬಿ100 ಎಂಬ ಸಣ್ಣ ರೇಡಾರ್ ಮಾಡ್ಯೂಲ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇದು 10.525 ಗಿಗಾಹರ್ಟ್ಸ್ ಅಲೆ ಬಿಡುತ್ತದೆ. ಓಡುವ ಗಾಡಿಗೆ ಬಡಿದು ವಾಪಸ್ ಬಂದ ಅಲೆಯ ಕಂಪನ ಸ್ವಲ್ಪ ಬದಲಾಗಿರುತ್ತದೆ. ಆ ವ್ಯತ್ಯಾಸವೇ ವೇಗ: ಪ್ರತಿ ಒಂದು ಕಿ.ಮೀ. ವೇಗಕ್ಕೆ ಸುಮಾರು 19.5 ಹರ್ಟ್ಸ್. ಲೆಕ್ಕ ಎಷ್ಟು ಚೆನ್ನಾಗಿದೆ ಅಲ್ವಾ? ಅದನ್ನು ನೋಡಿಯೇ ನಾನು ಮನಸೋತಿದ್ದು. ಆದರೆ ಮಾಡ್ಯೂಲಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಮೈಕ್ರೊವೋಲ್ಟ್ ಲೆಕ್ಕದ್ದು. ಅದನ್ನು ಸಾವಿರಾರು ಪಟ್ಟು ಹಿಗ್ಗಿಸಲು ಎಲ್‌ಎಂ358 ಚಿಪ್ ಹಾಕಿ ಆಂಪ್ಲಿಫೈಯರ್ ಕಟ್ಟಿದೆ. ಆ ಕಂಪನ ಎಣಿಸಲು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಎಲ್ಲ ಸೇರಿ ಹತ್ತಿರ ಹತ್ತಿರ ₹1,100 ಆಯಿತು.

ತೊಂದರೆ ಶುರುವಾಗಿದ್ದು ಮೊದಲ ದಿನದ ಸಂಜೆ. ಮಧ್ಯಾಹ್ನವೆಲ್ಲ ಸರಿಯಾಗಿದ್ದದ್ದು ಆರೂವರೆ ದಾಟಿದ ಮೇಲೆ ಗಂಟೆಗೆ 5 ಕಿ.ಮೀ. ಎಂದು ತೋರಿಸತೊಡಗಿತು. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಆದರೂ 5. ಚಾರ್ಜರಿನ ದೋಷ ಇರಬೇಕು ಎಂದು ಚಾರ್ಜರ್ ಬದಲಿಸಿದೆ. 5. ಅದನ್ನೂ ಬಿಟ್ಟು ಪವರ್‌ಬ್ಯಾಂಕಿಗೆ ಹಾಕಿದೆ. ಆಗಲೂ 5. ಆಂಪ್ಲಿಫೈಯರನ್ನು ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ, ತಂತಿ ಗಿಡ್ಡ ಮಾಡಿದೆ, ಬಿಸ್ಕೆಟ್ ಡಬ್ಬಿಯೊಳಗೆ ಕೂರಿಸಿದೆ. ಮೂರು ಸಂಜೆ ಹೀಗೇ ಹೋಯಿತು. ಬೆಳಿಗ್ಗೆ ನೋಡಿದರೆ ಮತ್ತೆ ಸರಿ.

ನಾಲ್ಕನೇ ಸಂಜೆ ಕರೆಂಟ್ ಹೋಯಿತು. ರೇಡಾರ್ ಪವರ್‌ಬ್ಯಾಂಕಿನ ಮೇಲಿತ್ತು, ಹಾಗಾಗಿ ನಡೆಯುತ್ತಲೇ ಇತ್ತು. ಪರದೆಯ ಮೇಲೆ ಸೊನ್ನೆ! ಕರೆಂಟ್ ಬಂದು ವರಾಂಡದ ಟ್ಯೂಬ್‌ಲೈಟ್ ಹತ್ತಿಕೊಂಡಿತು, ಮತ್ತೆ 5. ಕಾರಣ ಅಲ್ಲೇ ತಲೆಯ ಮೇಲೆ ಇತ್ತು. ನಮ್ಮದು ಹಳೇ ಚೋಕ್ ಇರುವ ಟ್ಯೂಬ್. 50 ಹರ್ಟ್ಸ್ ಕರೆಂಟಿನಲ್ಲಿ ಅದರೊಳಗಿನ ಅನಿಲ ಸೆಕೆಂಡಿಗೆ 100 ಸಲ ಹತ್ತಿ ಆರುತ್ತದೆ, ಹತ್ತಿದಾಗಲೆಲ್ಲ ರೇಡಾರ್ ಅಲೆಯನ್ನು ಕನ್ನಡಿಯಂತೆ ವಾಪಸ್ ಕಳಿಸುತ್ತದೆ. 100ನ್ನು 19.5ರಿಂದ ಭಾಗಿಸಿ ನೋಡಿ, 5.1 ಬರುತ್ತದೆ. ಹತ್ತು ಕಿ.ಮೀ.ಗಿಂತ ಕಡಿಮೆ ಇದ್ದದ್ದನ್ನೆಲ್ಲ ಬಿಟ್ಟುಬಿಡು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಆದರೆ ನನ್ನ ಮೂರು ಸಂಜೆ ಹೋಗಿತ್ತು.

ಇಷ್ಟಾದ ಮೇಲೂ ದೊಡ್ಡ ಕೊರತೆ ಉಳಿಯಿತು. ನಮ್ಮ ಗೇಟು ರಸ್ತೆಗೆ ಅಡ್ಡಲಾಗಿ ನೋಡುತ್ತದೆ. ರೇಡಾರ್ ಗಾಡಿಯನ್ನು ಓರೆಯಾಗಿ ನೋಡಿದರೆ ವೇಗ ಕಡಿಮೆ ತೋರಿಸುತ್ತದೆ. 45 ಡಿಗ್ರಿ ಓರೆಯಲ್ಲಿ 40ರ ವೇಗ 28 ಆಗಿಬಿಡುತ್ತದೆ. 20 ಡಿಗ್ರಿಯಾದರೆ ಆರು ಪರ್ಸೆಂಟ್ ಮಾತ್ರ ವ್ಯತ್ಯಾಸ, ಆದರೆ ಹಾಗೆ ತಿರುಗಿಸಲು ಪಕ್ಕದವರ ಹೊಂಗೆ ಮರ ಅಡ್ಡ. ಜೊತೆಗೆ ಈ ಮಾಡ್ಯೂಲಿನ ನೋಟ ಅಡ್ಡಕ್ಕೆ ಸುಮಾರು 80 ಡಿಗ್ರಿಯಷ್ಟು ಅಗಲ. ಆಟೋ, ಬೈಕು ಒಟ್ಟಿಗೆ ಬಂದರೆ 47 ಯಾರದು? ಹೇಳುವಂತಿಲ್ಲ. ಸುಮ್ನೆ ಒಂದು ಸಂಖ್ಯೆ ಹಿಡಿದುಕೊಂಡು ಪಕ್ಕದ ಮನೆಯವರಿಗೆ ಏನೆಂದು ತೋರಿಸಲಿ?

ಫೋನಿನ ದಾರಿ ಸರಳ. ಮಹಡಿಯ ಬಾಲ್ಕನಿ ಕಂಬಿಗೆ ₹250ರ ಕ್ಲಾಂಪಿನಲ್ಲಿ ಫೋನು ಕೂರಿಸಿದೆ. ಟೇಪ್ ಹಿಡಿದು 12 ಮೀಟರ್ ಅಂತರದಲ್ಲಿ ರಸ್ತೆಗೆ ಅಡ್ಡಲಾಗಿ ಎರಡು ಸುಣ್ಣದ ಗೆರೆ ಎಳೆದೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದು ಸೆಕೆಂಡ್ ಹಿಡಿದರೆ ವೇಗ 43. ಹಳೇ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಚಿತ್ರಗಳನ್ನು ಪರಿಶೀಲಿಸುವ ಓಪನ್‌ಸಿವಿ ಎಂಬ ತಂತ್ರಾಂಶ ಹಾಕಿ, ಚಿತ್ರದಲ್ಲಿ ಕದಲಿದ್ದನ್ನಷ್ಟೇ ಹಿಡಿಯುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ. ಗಾಡಿಯ ಮೇಲ್ಭಾಗ ನೋಡಬಾರದು, ಚಕ್ರ ನೆಲ ಮುಟ್ಟುವ ಜಾಗವನ್ನೇ ಗೆರೆಗೆ ಹೋಲಿಸಬೇಕು. ಇಲ್ಲದಿದ್ದರೆ ಎತ್ತರದ ಗಾಡಿಯ ಲೆಕ್ಕ ತಪ್ಪುತ್ತದೆ.

ಒಂದು ಎಚ್ಚರಿಕೆ. ವೈಫೈನಲ್ಲಿ ನೇರವಾಗಿ ಲ್ಯಾಪ್‌ಟಾಪಿಗೆ ಕಳಿಸಿದರೆ ಚಿತ್ರಗಳು ತಡವರಿಸಿ ಬರುತ್ತವೆ, ವೇಗ ಹುಚ್ಚಾಪಟ್ಟೆ ಬರುತ್ತದೆ. ಫೋನಿನಲ್ಲೇ ರೆಕಾರ್ಡ್ ಮಾಡಿ ರಾತ್ರಿ ಲೆಕ್ಕ ಹಾಕುವುದು ಒಳ್ಳೆಯದು. ನನಗೆ ಹೇಗೂ ಊಟ ಆದ ಮೇಲೆ ಕಂಪ್ಯೂಟರ್ ಮುಂದೆ ಕೂರುವ ಅಭ್ಯಾಸ, ಹಾಗಾಗಿ ಇದು ಹೊಂದಿಕೊಂಡಿತು.

ಪರೀಕ್ಷೆಗೆ ಮೈದುನನನ್ನು ಸ್ಕೂಟರಿನಲ್ಲಿ ಆರು ಸಲ ಓಡಿಸಿದೆ. ಅವನ ಮೀಟರ್ 30 ತೋರಿಸಿದಾಗ ಜಿಪಿಎಸ್ 28 ಎಂದಿತು, ಫೋನು 27ರಿಂದ 29ರ ನಡುವೆ ಕೊಟ್ಟಿತು. ಇನ್ನೇನು ಬೇಕು?

ಬೇರೆ ದಾರಿಗಳನ್ನೂ ಯೋಚಿಸಿದ್ದೆ. ಇನ್ಫ್ರಾರೆಡ್ ಕಿರಣ ತುಂಡಾಗುವ ವಿಧಾನ: ಎದುರು ಮನೆಯ ಕಾಂಪೌಂಡಿನಲ್ಲೂ ಸೆನ್ಸರ್ ಬೇಕು, ನಾಯಿ ಹೋದರೂ ಎಣಿಸುತ್ತದೆ. ಬೇಡ.

ಸ್ಟಾಪ್‌ವಾಚ್: ಬೆರಳು 0.2 ಸೆಕೆಂಡ್ ತಡವಾದರೂ 12 ಮೀಟರಿಗೆ ತಪ್ಪು ಜಾಸ್ತಿ. ದೂರ 50 ಮೀಟರ್ ಇದ್ದರೆ ನಡೆದೀತು.

ರಾತ್ರಿ ಮಾತ್ರ ರೇಡಾರೇ ಮೇಲು. ಹೆಡ್‌ಲೈಟ್ ಬೆಳಕಿಗೆ ನನ್ನ ಫೋನಿಗೆ ಏನೂ ಕಾಣುವುದಿಲ್ಲ. ಆದರೆ ನನ್ನ ಚಿಂತೆ ಬೆಳಗಿನ ಎಂಟರಿಂದ ಒಂಬತ್ತೂವರೆಯದು. ಮಹಡಿ ಇಲ್ಲದ ಮನೆ, ನೇರ ರಸ್ತೆಯ ತುದಿಯಲ್ಲಿ ಗೇಟು ಇರುವವರು ರೇಡಾರ್ ತೊಗೊಳ್ಳಲಿ.

ಎದುರು ಮನೆಯವರ ಒಪ್ಪಿಗೆ ಕೇಳಿ ಅವರ ಗೇಟಿನ ಭಾಗ ಚಿತ್ರದಲ್ಲಿ ಕಪ್ಪು ಮಾಡಿದ್ದೇನೆ. ನಂಬರ್ ಪ್ಲೇಟ್ ಇಟ್ಟುಕೊಳ್ಳುವುದಿಲ್ಲ. ಯಾರಿಗೂ ದಂಡ ಹಾಕಿಸುವುದು ನನ್ನ ಉದ್ದೇಶ ಅಲ್ಲ. ನನಗೆ ಬೇಕಿರುವುದು ಸರಿಯಾದ ಹಂಪ್: ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು. ಅದರ ಮೇಲೆ 25ರ ವೇಗದಲ್ಲಿ ಸುಖವಾಗಿ ದಾಟಬಹುದು, ಸೊಂಟ ಮುರಿಯುವುದಿಲ್ಲ.

ಆರು ಬೆಳಗಿನ ಲೆಕ್ಕ ತೆಗೆದಾಗ ನೂರಕ್ಕೆ 85 ಗಾಡಿ 46ರ ಒಳಗಿದ್ದವು. ಮಿಕ್ಕ 15 ಅದಕ್ಕಿಂತ ಜೋರು. ಟ್ರಾಫಿಕ್ ಇಂಜಿನಿಯರುಗಳು ನೋಡುವುದೂ ಈ 85ರ ಅಂಕಿಯನ್ನೇ. ಅದನ್ನೂ ನಾಲ್ಕು ಫೋಟೋಗಳನ್ನೂ ಪ್ರಿಂಟ್ ಮಾಡಿ ಭಾನುವಾರ ಮನೆ ಮನೆಗೆ ಹೋದೆ. "ಹಾಗನ್ನಿಸುತ್ತೆ" ಎಂದಿದ್ದ ಮೂಲೆ ಮನೆಯ ಅಂಕಲ್ ಫೋಟೋಗಳನ್ನು ಎರಡೆರಡು ಸಲ ನೋಡಿ, ಒಳಗಿನಿಂದ ಪೆನ್ನು ತಂದು ಅರ್ಜಿಗೆ ಸಹಿ ಹಾಕಿದರು. ಇದುವರೆಗೆ ಹನ್ನೊಂದು ಸಹಿ ಆಗಿದೆ. ಎಡಗಡೆ ಸಾಲಿನ ಮನೆಗಳು ಇನ್ನೂ ಬಾಕಿ ಇವೆ, ಈ ಭಾನುವಾರ ಹೋಗುತ್ತೇನೆ.