ಗೇಮ್ ಸೌಂಡ್ ಮಾಡೋರಿಗೆ ರೀಪರ್ ಹೆಂಗಿದೆ?

ಗೇಮ್‌ಗೆ ಸೌಂಡ್ ಎಫೆಕ್ಟ್ ಮಾಡ್ಬೇಕು, ಯಾವ ಸಾಫ್ಟ್‌ವೇರ್ ತಗೊಳ್ಲಿ ಅಂತ ಕೇಳೋರಿಗೆಲ್ಲ ನಾನು ಹೇಳೋದು ರೀಪರ್ ಅಂತಾನೇ. ವಿನ್‌ಆಂಪ್ ಅನ್ನೋ ಮ್ಯೂಸಿಕ್ ಪ್ಲೇಯರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನೀದು, ಹಳೇ ಲ್ಯಾಪ್‌ಟಾಪಲ್ಲೂ ಸಲೀಸಾಗಿ ಓಡುತ್ತೆ.

ಸಿನಿಮಾದಲ್ಲಿ ಹೆಜ್ಜೆ ಸಪ್ಪಳ ಒಂದ್ಸಲ ಕೂರಿಸಿದ್ರೆ ಮುಗೀತು, ಗೇಮಲ್ಲಿ ಹಂಗಲ್ಲ, ಆಡೋರು ಗಂಟೆಗಟ್ಲೆ ಓಡಾಡ್ತಾನೇ ಇರ್ತಾರೆ, ಅದೇ ಒಂದು ಫೈಲ್ ಮತ್ತೆ ಮತ್ತೆ ಬಡ್ಕೊಂಡ್ರೆ ಕಿವಿಗೆ ಹಿಂಸೆ. ಮಣ್ಣು, ಜಲ್ಲಿ, ಹಲಗೆ ಹೀಗೆ ಒಂದೊಂದು ನೆಲಕ್ಕೂ ಏಳೆಂಟು ವೇರಿಯೇಷನ್ನಾದ್ರೂ ಬೇಕು. ರೀಪರ್ ನಿಜವಾಗ್ಲೂ ಕೈ ಹಿಡಿಯೋದು ಇಲ್ಲೇ. ಮನೆ ಕಟ್ಟೋ ಜಾಗದಿಂದ ಒಂದು ಬಕೆಟ್ ಜಲ್ಲಿ ತಂದು ಟ್ರೇಗೆ ಸುರ್ಕೊಂಡು ಶೂ ಹಾಕ್ಕೊಂಡು ತುಳೀರಿ, ಎಲ್ಲಾ ಒಂದೇ ಟೇಕಲ್ಲಿ ರೆಕಾರ್ಡ್ ಆಗ್ಲಿ, ಆಮೇಲೆ ಚೆನ್ನಾಗಿ ಬಂದಿರೋ ಹೆಜ್ಜೆಗೆಲ್ಲ ರೀಜನ್ (ಎಲ್ಲಿಂದ ಎಲ್ಲಿ ತನಕ ಅನ್ನೋ ಗುರುತು) ಹಾಕಿ ಹೆಸರು ಕೊಟ್ಟು, ರೆಂಡರ್ ವಿಂಡೋದಲ್ಲಿ (ಫೈಲಾಗಿ ಹೊರಗೆ ತೆಗೆಯೋ ಜಾಗ) ರೀಜನ್‌ಗಳನ್ನ ಆರಿಸಿ, ಫೈಲ್ ಹೆಸರಿನ ಜಾಗದಲ್ಲಿ $region ಅಂತ ಹಾಕಿ ರೆಂಡರ್ ಒತ್ತಿದ್ರೆ ಸಾಕು, ಒಂದೊಂದೂ ಬೇರೆ ಬೇರೆ ವೇವ್ ಫೈಲಾಗಿ ಅದದೇ ಹೆಸರಲ್ಲಿ ಫೋಲ್ಡರ್‌ಗೆ ಬಂದು ಕೂರುತ್ತೆ, ಗೇಮ್ ಒಳಗೆ ಸೌಂಡ್ ಜೋಡಿಸೋ ಎಫ್‌ಮಾಡ್ (FMOD), ವೈಸ್ (Wwise) ಥರದ ಸಾಫ್ಟ್‌ವೇರ್‌ಗೆ ಹಾಗೇ ಎಳೆದು ಹಾಕ್ಬೋದು. ಟೀಮ್‌ನೋರು ಸಪ್ಪಳ ಇನ್ನೂ ಭಾರ ಇರ್ಲಿ ಅಂದ್ರೂ ತಲೆನೋವಿಲ್ಲ, ಟ್ರ್ಯಾಕ್ ಮೇಲೆ ಈಕ್ಯೂ (ದಪ್ಪ, ಸಣ್ಣ ದನಿಗಳನ್ನ ಹೆಚ್ಚು ಕಮ್ಮಿ ಮಾಡೋದು) ಬದಲಾಯ್ಸಿ ಮತ್ತೊಂದ್ಸಲ ರೆಂಡರ್ ಅಷ್ಟೇ.

ಇನ್ನೊಂದು, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಲೂಪ್ ಮಾಡುವಾಗ ರಿವರ್ಬ್ ಬಾಲ (ಸದ್ದು ನಿಂತ ಮೇಲೂ ಉಳಿಯೋ ಗುಂಯ್‌ಗುಡೋ ದನಿ) ಕೊನೇಲಿ ಕಟ್ಟಾಗಿ ಜೋಡಣೆ ಎದ್ದು ಕಾಣುತ್ತಲ್ಲ, ಅದಕ್ಕೆ ರೆಂಡರ್ ವಿಂಡೋದಲ್ಲಿ ಸೆಕೆಂಡ್ ಪಾಸ್ ರೆಂಡರ್ ಟಿಕ್ ಮಾಡಿ, ಆ ಬಾಲ ಶುರುವಿಗೇ ಬಂದು ಸೇರ್ಕೊಳುತ್ತೆ. ಲೂಪನ್ನ ಎಂಪಿ3 ಅಲ್ಲಿ ಮಾತ್ರ ತೆಗೀಬೇಡಿ ದಯವಿಟ್ಟು, ಎನ್‌ಕೋಡ್ ಆಗುವಾಗ ತುದೀಲಿ ಚೂರು ಮೌನ ಸೇರುತ್ತೆ, ಓಗ್ (OGG) ಫಾರ್ಮ್ಯಾಟ್ ಒಳ್ಳೇದು.

ಬರೀ ಮ್ಯೂಸಿಕ್ ಕಂಪೋಸ್ ಮಾಡೋರಿಗೆ ಇಷ್ಟು ಧೈರ್ಯವಾಗಿ ಹೇಳಲ್ಲ. ಜೊತೇಲಿ ಬರೋ ವಾದ್ಯಗಳು ತೀರಾ ಕಮ್ಮಿ, ತಂತಿ ವಾದ್ಯ ಡ್ರಮ್ಸ್ ಎಲ್ಲಾ ಬೇರೆ ಕಡೆಯಿಂದ ತಂದು ಹಾಕ್ಕೋಬೇಕು. ಮೆನುಗಳೂ ವಿಪರೀತ, ಹೊಸಬರು ಶುರುಲಿ ಕಂಗಾಲಾಗ್ತಾರೆ.

ರೇಟ್ ವಿಷ್ಯಕ್ಕೆ ಬಂದ್ರೆ 60 ದಿನ ಫ್ರೀ ಟ್ರಯಲ್, ಯಾವ ಫೀಚರ್ರೂ ಲಾಕ್ ಇರಲ್ಲ. ಆಮೇಲೆ 60 ಡಾಲರ್, ಬಿಸಿನೆಸ್ ಆದಾಯ ವರ್ಷಕ್ಕೆ 20,000 ಡಾಲರ್ ದಾಟಿದ್ರೆ 225 ಡಾಲರ್. 7ನೇ ವರ್ಷನ್ ಲೈಸೆನ್ಸ್ ತಗೊಂಡೋರಿಗೆ 8.99ನೇ ವರ್ಷನ್ ತನಕ ಅಪ್‌ಡೇಟ್‌ಗೆ ಮತ್ತೆ ದುಡ್ಡು ಕೊಡೋ ಹಾಗಿಲ್ಲ.