ಎಡಗಣ್ಣಿಗೊಂದು, ಬಲಗಣ್ಣಿಗೊಂದು: ಅರವತ್ತು ದಾಟಿದ ರೆಪ್ಪೆಯ ಮೇಲೆ ಆರು ವಾರಗಳ ಪರೀಕ್ಷೆ

ಕಳೆದ ವರ್ಷ ವಿಜಯನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶವಿತ್ತು. ಹೊರಡುವ ಮುನ್ನ ಮನೆಯವರೆಲ್ಲರ ಒತ್ತಾಯಕ್ಕೆ ಮಣಿದು ಪಾರ್ಲರೊಂದರಲ್ಲಿ ಕಣ್ಣಿಗೆ ಪೂರ್ತಿ ಮೇಕಪ್ ಮಾಡಿಸಿಕೊಂಡೆ. ಅಲ್ಲಿಯ ಹುಡುಗಿ ನನ್ನ ಮೇಲ್ರೆಪ್ಪೆಯನ್ನು ಕಿವಿಯ ಕಡೆಗೆ ಎಳೆದು ಹಿಡಿದು ದಪ್ಪನೆಯ ಕಪ್ಪು ಲಿಕ್ವಿಡ್ ಲೈನರ್ ಬರೆದಳು. ಅದರ ಮೇಲೆ ಬೆಳ್ಳಿಯಂತೆ ಮಿನುಗುವ ಪುಡಿ ಹಚ್ಚಿದಳು. ಕಣ್ಣು ಮುಚ್ಚಿ ಕುಳಿತಿದ್ದಷ್ಟು ಹೊತ್ತು ಎಲ್ಲವೂ ಸೊಗಸಾಗಿಯೇ ಇತ್ತಂತೆ. ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ತಂಗಿ ಪಾಯಸದ ದೊನ್ನೆಯನ್ನು ಕೆಳಗಿಟ್ಟು, ಏನೂ ಹೇಳದೆ, ತನ್ನ ಕರವಸ್ತ್ರವನ್ನು ನನ್ನ ಕೈಗೆ ಕೊಟ್ಟಳು. ಗೆರೆ ಮೂರು ಕಡೆ ಒಡೆದಿತ್ತು, ಮೇಲಿನ ಮಡಿಕೆಯಲ್ಲಿ ಅದರದೇ ಅಚ್ಚು ಇನ್ನೊಂದು ಗೆರೆಯಾಗಿ ಮೂಡಿತ್ತು, ಬೆಳ್ಳಿಯ ಪುಡಿ ಒಂದೊಂದು ಸುಕ್ಕನ್ನೂ ಹುಡುಕಿಕೊಂಡು ಹೋಗಿ ಕುಳಿತಿತ್ತು. ನಮ್ಮ ಮನೆಯಲ್ಲಿ ದಸರೆಗೆ ಕೂರಿಸುವ ಪಟ್ಟದ ಗೊಂಬೆಗಳ ಕಣ್ಣಿನ ಸುತ್ತಲೂ ಅಂಥದ್ದೇ ಕಪ್ಪು ಗೆರೆಯಿದೆ. ಅವಕ್ಕೆ ಅದು ಒಪ್ಪುತ್ತದೆ, ಏಕೆಂದರೆ ಮರ ಸುಕ್ಕುಗಟ್ಟುವುದಿಲ್ಲ, ಕಣ್ಣು ಮಿಟುಕಿಸುವುದೂ ಇಲ್ಲ.

ನನಗೆ ಈಗ 61 ವರ್ಷ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೂ ಪ್ರಯೋಗ ಮಾಡಿ ನೋಡುವ ಚಟ ಹೋಗಿಲ್ಲ. ತಂಗಿಯ ಮಗಳ ಮದುವೆ ಕಾರ್ತಿಕ ಮಾಸಕ್ಕೆಂದು ಗೊತ್ತಾದಾಗ, ನವರಾತ್ರಿಯಿಂದ ಆರಂಭಿಸಿ ಆರು ವಾರ, ದಿನವೂ ಒಂದು ಕಣ್ಣಿಗೆ ಒಂದು ವಸ್ತು, ಇನ್ನೊಂದು ಕಣ್ಣಿಗೆ ಅದರ ಪ್ರತಿಸ್ಪರ್ಧಿ ಎಂಬ ಕ್ರಮದಲ್ಲಿ ಪರೀಕ್ಷಿಸಿದೆ. ಬೆಳಿಗ್ಗೆ ಎಂಟಕ್ಕೆ ಹಚ್ಚಿ, ಹನ್ನೆರಡಕ್ಕೆ ಮತ್ತು ನಾಲ್ಕಕ್ಕೆ ಕಿಟಕಿಯ ಬೆಳಕಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹಚ್ಚಿಕೊಂಡು ಮನೆಯಲ್ಲೇ ಕುಳಿತರೆ ಏನೂ ತಿಳಿಯುವುದಿಲ್ಲವಾದ್ದರಿಂದ ಅದೇ ಮುಖದಲ್ಲಿ ದೇವರಾಜ ಮಾರುಕಟ್ಟೆಗೂ ಹೋದೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ನಡೆದೆ. ಎರಡು ಕಣ್ಣು ಎರಡು ಬಣ್ಣದಲ್ಲಿರುವುದನ್ನು ಹೂ ಮಾರುವ ಹೆಂಗಸೊಬ್ಬಳನ್ನು ಬಿಟ್ಟು ಬೇರಾರೂ ಗಮನಿಸಲಿಲ್ಲ. ಈ ವಯಸ್ಸಿನ ಹೆಂಗಸರ ಮುಖವನ್ನು ಜನ ಎಷ್ಟು ನೋಡುತ್ತಾರೆ ಎಂಬುದೂ ಅದರಿಂದ ತಿಳಿದಂತಾಯಿತು.

ಫಲಿತಾಂಶಕ್ಕೆ ಮೊದಲು ಚರ್ಮದ ವಿಚಾರ. ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳುವಾದದ್ದು, ಅರ್ಧ ಮಿಲಿಮೀಟರಿನ ಆಸುಪಾಸಿನದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದರೊಂದಿಗೆ ಚರ್ಮದ ಕೊಲಾಜೆನ್ ಕಡಿಮೆಯಾಗುತ್ತದೆ, ತೇವ ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ಹುಬ್ಬಿನ ಕೆಳಗಿನ ಚರ್ಮ ಜೋತು ಬಿದ್ದು ರೆಪ್ಪೆಯ ಮೇಲೆ ಪರದೆಯಂತೆ ಇಳಿಯುತ್ತದೆ. ಹೀಗಾಗಿ ಇಪ್ಪತ್ತೈದರ ಕಣ್ಣಿಗೆ ಹಚ್ಚಿದ್ದು ಸಮತಟ್ಟಾದ ಗೋಡೆಯ ಮೇಲಿನ ಬಣ್ಣವಾದರೆ, ಅರವತ್ತರ ಕಣ್ಣಿಗೆ ಹಚ್ಚಿದ್ದು ದಿನಕ್ಕೆ ಸಾವಿರಾರು ಬಾರಿ ಮಡಚಿ ಬಿಚ್ಚುವ ಸೀರೆಯ ನೆರಿಗೆಯ ಮೇಲಿನ ಬಣ್ಣ. ನಾಲ್ಕನೆಯ ಗಂಟೆಗೆ ಆ ವಸ್ತು ಒಡೆಯುತ್ತದೆಯೋ, ಹರಿಯುತ್ತದೆಯೋ, ಸುಮ್ಮನೆ ಮಾಸುತ್ತದೆಯೋ ಎಂಬುದನ್ನೇ ನಾನು ಮುಖ್ಯವಾಗಿ ನೋಡಿದೆ. ಒಡೆದದ್ದು ಮತ್ತು ಹರಿದದ್ದು ವಯಸ್ಸನ್ನು ಎತ್ತಿ ತೋರಿಸುತ್ತವೆ. ಮಾಸಿದ್ದು ಕಣ್ಣಿಗೆ ಬೀಳುವುದಿಲ್ಲ.

ಗೆರೆ ಬರೆಯುವ ವಸ್ತುಗಳಲ್ಲಿ ಮೊದಲು ಮನೆಯ ಕಾಡಿಗೆಯನ್ನೇ ತೆಗೆದುಕೊಂಡೆ, ಇದರಲ್ಲಿ ಸ್ವಲ್ಪ ಪಕ್ಷಪಾತವಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅಮ್ಮ ಮಾಡುತ್ತಿದ್ದಂತೆಯೇ ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಪಂಚೆಯ ತುಂಡನ್ನು ನೆನೆಸಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆ ಕವುಚಿಟ್ಟೆ. ಬೆಳಿಗ್ಗೆ ತಟ್ಟೆಯ ತಳದಲ್ಲಿ ವೆಲ್ವೆಟ್ಟಿನಂತೆ ಕೂತಿದ್ದ ಮಸಿಯನ್ನು ವೀಳ್ಯದೆಲೆಯ ತೊಟ್ಟಿನಿಂದ ಕೆರೆದು ಎರಡು ಹನಿ ಹರಳೆಣ್ಣೆಯಲ್ಲಿ ಕಲೆಸಿ ಅಮ್ಮನ ಬೆಳ್ಳಿಯ ಡಬ್ಬಿಯಲ್ಲಿ ತುಂಬಿದೆ. ಬಣ್ಣದಲ್ಲಿ ಅದಕ್ಕೆ ಸಾಟಿಯಿಲ್ಲ. ಅಂಗಡಿಯ ಯಾವ ಕಪ್ಪೂ ಅಷ್ಟು ಮೃದುವಾಗಿರಲಿಲ್ಲ. ಆದರೆ ಎಣ್ಣೆಯಲ್ಲಿ ತೇಲುವ ಇಂಗಾಲಕ್ಕೆ ಚರ್ಮದ ಮೇಲೆ ನಿಲ್ಲಲು ಯಾವ ಆಧಾರವೂ ಇಲ್ಲ. ಎರಡು ಗಂಟೆಯೊಳಗೆ ಅದು ಕಣ್ಣಿನ ಕೆಳಗಿನ ಸುಕ್ಕುಗಳಿಗೆ ಇಳಿದು, ಮೊದಲೇ ಇದ್ದ ಕಪ್ಪು ವರ್ತುಲಕ್ಕೆ ಇನ್ನಷ್ಟು ಕಪ್ಪು ಸೇರಿಸಿತು.

ಅದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ರೆಪ್ಪೆಯ ಅಂಚಿನಲ್ಲಿ, ಎವೆಗಳ, ಅಂದರೆ ರೆಪ್ಪೆಗೂದಲುಗಳ, ಒಳಸಾಲಿನಲ್ಲಿ, ಮೈಬೋಮಿಯನ್ ಎಂಬ ಸಣ್ಣ ಗ್ರಂಥಿಗಳ ಬಾಯಿಗಳಿವೆ. ಅವು ಒಸರುವ ಜಿಡ್ಡು ಕಣ್ಣೀರಿನ ಪೊರೆಯ ಮೇಲೆ ಹರಡಿ ಅದು ಬೇಗ ಆವಿಯಾಗದಂತೆ ತಡೆಯುತ್ತದೆ. ವಯಸ್ಸಾದಂತೆ ಈ ಗ್ರಂಥಿಗಳ ಕೆಲಸ ಕುಂದುತ್ತದೆ, ಕಣ್ಣು ಒಣಗಿ ಉರಿಯುವುದು ಸಾಮಾನ್ಯವಾಗುತ್ತದೆ. ನಾವು ಚಿಕ್ಕಂದಿನಿಂದ ಕಾಡಿಗೆ ತೀಡಿಕೊಂಡದ್ದು ಸರಿಯಾಗಿ ಆ ಬಾಯಿಗಳ ಮೇಲೆಯೇ. ಮನೆಯ ಕಾಡಿಗೆಯಿರಲಿ, ತಿರುಗಿಸಿದರೆ ಮೇಲೇಳುವ ಅಂಗಡಿಯ ಕಾಜಲ್ ಕಡ್ಡಿಯಿರಲಿ, ಒಳಂಚಿಗೆ ಹಚ್ಚಿದ ದಿನಗಳಲ್ಲೆಲ್ಲ ಸಂಜೆಗೆ ನನ್ನ ಕಣ್ಣು ಮರಳು ಬಿದ್ದಂತೆ ಚುಚ್ಚಿತು. ಹೊರಗಡೆ ಮಾತ್ರ ಹಚ್ಚಿದ ದಿನ ಚುಚ್ಚಲಿಲ್ಲ. ಸುರ್ಮಾವನ್ನು ನಾನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ಕೆಲವು ಸುರ್ಮಾಗಳು ಸೀಸದ ಸಲ್ಫೈಡ್‌ನ ಪುಡಿಯೇ ಆಗಿರುತ್ತವೆ, ಸೀಸ ಎಷ್ಟೇ ಸ್ವಲ್ಪವಿದ್ದರೂ ಮೈಗೆ ಒಳ್ಳೆಯದಲ್ಲ.

ಅಂಗಡಿಯ ಕಾಜಲ್ ಕಡ್ಡಿ ಮನೆಯದಕ್ಕಿಂತ ಒಂದೆರಡು ಗಂಟೆ ಹೆಚ್ಚು ನಿಂತಿತು. ಅದರ ಬಗ್ಗೆ ಹೇಳಬೇಕಾದದ್ದು ಅಷ್ಟೇ.

ಲಿಕ್ವಿಡ್ ಲೈನರಿಗೆ ಇನ್ನೊಂದು ಅವಕಾಶ ಕೊಡಬೇಕೆಂದು, ಈ ಸಲ ನಾನೇ ತೆಳುವಾಗಿ ಬರೆದುಕೊಂಡೆ. ನಮ್ಮ ಊರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ ತಯಾರಾಗುವ, 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುತ್ತಿರುವ ಶಾಯಿಯ ಬಗ್ಗೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕಿಗೆ ಕಪ್ಪಾಗಿ, ಚರ್ಮದ ಭಾಗವೇ ಆಗಿಬಿಡುತ್ತದೆ. ಲೈನರ್ ಹಾಗಲ್ಲ. ನೀರಿನ ಅಂಶ ಆರಿದ ಮೇಲೆ ಉಳಿಯುವುದು ಚರ್ಮಕ್ಕೆ ಅಂಟಿಕೊಂಡ ತೆಳ್ಳನೆಯ ಪೊರೆ ಮಾತ್ರ. ಚರ್ಮ ಮಡಚಿದಾಗ ಪೊರೆ ಮಡಚಲಾರದೆ ಬಿರುಕು ಬಿಡುತ್ತದೆ. ಬಿಗಿ ಚರ್ಮದ ಮೇಲೆ ಕತ್ತರಿಸಿದಂತೆ ಕಾಣುವ ಆ ಚೂಪು ಅಂಚೇ ಸುಕ್ಕಿನ ಮೇಲೆ ಗರಗಸದ ಹಲ್ಲಿನಂತಾಗುತ್ತದೆ. ಹಚ್ಚುವ ಕೈ ಎಷ್ಟೇ ಕುಶಲವಾಗಿದ್ದರೂ ಈ ದೋಷ ಹೋಗದು, ಆದ್ದರಿಂದ ಆ ಪಾರ್ಲರಿನ ಹುಡುಗಿಯ ಮೇಲಿದ್ದ ನನ್ನ ಅರ್ಧ ಸಿಟ್ಟು ಅಂದೇ ಇಳಿಯಿತು. ಉಳಿದರ್ಧ ರೆಪ್ಪೆಯನ್ನು ಎಳೆದದ್ದಕ್ಕೆ.

ಕೊನೆಗೆ ಎದುರುಬದುರಾದದ್ದು ಜೆಲ್ ಪೆನ್ಸಿಲ್ ಮತ್ತು ಕಂದು ಬಣ್ಣದ ಪುಡಿ. ಜೆಲ್ ಪೆನ್ಸಿಲ್ ಬೆಣ್ಣೆಯಂತೆ ಜಾರುತ್ತದೆ, ತಿದ್ದಲು ಸುಮಾರು ಅರ್ಧ ನಿಮಿಷ ಬಿಡುವು ಕೊಡುತ್ತದೆ, ಆಮೇಲೆ ಹೆಪ್ಪುಗಟ್ಟಿ ಕದಲದೆ ನಿಲ್ಲುತ್ತದೆ. ಪುಡಿ ಎಂದರೆ ರೆಪ್ಪೆಗೆ ಹಚ್ಚುವ ಸಾಧಾರಣ ಮ್ಯಾಟ್, ಅಂದರೆ ಹೊಳಪಿಲ್ಲದ, ಐಶ್ಯಾಡೋವೇ. ಓರೆಯಾಗಿ ಕತ್ತರಿಸಿದ ಚಪ್ಪಟೆ ಬ್ರಷ್ಷನ್ನು ತುಸು ಒದ್ದೆ ಮಾಡಿ, ಅದ್ದಿ, ಎವೆಗಳ ಬುಡದಲ್ಲಿ ಎಳೆಯದೆ ಒತ್ತುತ್ತಾ ಹೋಗಬೇಕು. ನಾಲ್ಕು ಗಂಟೆಗೆ ಜೆಲ್ ಹಚ್ಚಿದ ಬಲಗಣ್ಣಿನ ಗೆರೆ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಇತ್ತು, ಆದರೆ ಜೋತ ಮಡಿಕೆಯ ಮೇಲೆ ಒಂದು ಸಣ್ಣ ಅಚ್ಚು ಬಿದ್ದಿತ್ತು. ಪುಡಿ ಹಚ್ಚಿದ ಎಡಗಣ್ಣಿನ ಗೆರೆ ಅರ್ಧಕ್ಕರ್ಧ ಮಾಸಿತ್ತು, ಅಚ್ಚು ಎಲ್ಲಿಯೂ ಇರಲಿಲ್ಲ. ಮರುದಿನ ಜೆಲ್ ಗೆರೆಯ ಮೇಲೆ ಅದೇ ಕಂದು ಪುಡಿಯನ್ನು ಒತ್ತಿ ನೋಡಿದಾಗ ಎರಡರ ದೋಷವೂ ಹೋಯಿತು. ದಿನನಿತ್ಯಕ್ಕೆ ಬರಿಯ ಪುಡಿ, ಮದುವೆಮನೆಗೆ ಎರಡೂ ಎಂದು ಅಂದೇ ತೀರ್ಮಾನಿಸಿದೆ. ಬಣ್ಣದಲ್ಲಿಯೂ ಕಪ್ಪಿಗಿಂತ ಗಾಢ ಕಂದೇ ಮೇಲು. ಕೂದಲು ಬೆಳ್ಳಗಾಗಿ ಹುಬ್ಬು ತೆಳುವಾದ ಮುಖದಲ್ಲಿ ಕಡುಗಪ್ಪು ಗೆರೆ ಒಂಟಿಯಾಗಿ ನಿಂತು ಕೂಗುತ್ತದೆ.

ಹಚ್ಚುವ ಬಗೆ ವಸ್ತುವಿನಷ್ಟೇ ಮುಖ್ಯವೆಂದು ಎರಡನೆಯ ವಾರ ತಿಳಿಯಿತು. ರೆಪ್ಪೆಯನ್ನು ಎಳೆದು ಬರೆದ ಗೆರೆ ಕೈ ಬಿಟ್ಟೊಡನೆ ಅಂಕುಡೊಂಕಾಗುತ್ತದೆ. ಅದರ ಬದಲು ಮೊಣಕೈಯನ್ನು ಮೇಜಿನ ಮೇಲೂರಿ, ಕನ್ನಡಿಯನ್ನು ಎದೆಯ ಮಟ್ಟದಲ್ಲಿಟ್ಟು, ಗಲ್ಲ ಮೇಲೆತ್ತಿ ಕೆಳಗೆ ನೋಡಿದರೆ ರೆಪ್ಪೆ ತಾನಾಗಿಯೇ ಹರಡಿಕೊಳ್ಳುತ್ತದೆ. ಒಂದೇ ಎಳೆತಕ್ಕೆ ಬರೆಯದೆ, ಎಳೆಯನ್ನು ಸೇರಿಸುವ ಮುನ್ನ ರಂಗೋಲಿಗೆ ಚುಕ್ಕಿ ಇಡುವಂತೆ, ಮೊದಲು ನಾಲ್ಕೈದು ಚುಕ್ಕಿ ಇಟ್ಟುಕೊಳ್ಳಬೇಕು. ಗೆರೆಯನ್ನು ಕಣ್ಣಿನ ನಡುವಿನಿಂದ ಹೊರಮೂಲೆಯವರೆಗೆ ಮಾತ್ರ ಬರೆದು, ಕೊನೆಯಲ್ಲಿ ತುಸು ಮೇಲಕ್ಕೆ ತಿರುಗಿಸಿದರೆ ಸಾಕು. ಆ ತಿರುವನ್ನು ಮಾತ್ರ ಕಣ್ಣು ತೆರೆದು ನೇರ ನೋಡುತ್ತಲೇ ಇಡಬೇಕು, ಮುಚ್ಚಿ ಇಟ್ಟರೆ ಅದು ಮಡಿಕೆಯೊಳಗೆ ಮುಳುಗಿಹೋಗುತ್ತದೆ. ಕೆಳರೆಪ್ಪೆಯನ್ನು ನಾನು ಪೂರ್ತಿ ಬಿಟ್ಟುಬಿಟ್ಟೆ. ಇಷ್ಟನ್ನೂ ಮಾಡಲು ಕನ್ನಡಕ ತೆಗೆಯಬೇಕು, ತೆಗೆದರೆ ಕಾಣುವುದಿಲ್ಲ ಎಂಬ ಇಕ್ಕಟ್ಟಿಗೆ ಐದು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿಯೇ ಪರಿಹಾರ. ನನ್ನದು ಪ್ಲಸ್ ಗಾಜಾದ್ದರಿಂದ ಎದುರಿನವರಿಗೆ ನನ್ನ ಕಣ್ಣು ದೊಡ್ಡದಾಗಿ, ತಪ್ಪುಗಳ ಸಮೇತ ಕಾಣುತ್ತದೆ. ತಂಗಿಯದು ಮೈನಸ್, ಅವಳು ಗೆರೆಯನ್ನು ಒಂದಿಷ್ಟು ದಪ್ಪ ಬರೆದರೂ ನಡೆಯುತ್ತದೆ.

ಐಶ್ಯಾಡೋದಲ್ಲಿ ಕ್ರೀಮ್ ಮತ್ತು ಪುಡಿಗಳ ನಡುವೆ ಇಷ್ಟು ಸ್ಪಷ್ಟವಾದ ತೀರ್ಪು ಸಿಗಲಿಲ್ಲ. ಒಣ ರೆಪ್ಪೆಗೆ ಕ್ರೀಮ್ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಹಚ್ಚಿದ ಗಳಿಗೆಯಲ್ಲಿ ಅದು ನಿಜವೂ ಹೌದು. ಮೂರು ಗಂಟೆ ಕಳೆಯುವಷ್ಟರಲ್ಲಿ ಅದು ಮಡಿಕೆಯ ಸಾಲಿನಲ್ಲಿ ಶೇಖರವಾಗಿತ್ತು. ಬಣ್ಣ ಹಿಡಿದು ನಿಲ್ಲಲೆಂದು ಮೊದಲು ಹಚ್ಚುವ ಪ್ರೈಮರ್ ಎಂಬ ತಳಲೇಪ ಹಚ್ಚಿ ಅದರ ಮೇಲೆ ಬರಿಯ ಪುಡಿ ಹಚ್ಚಿದ ಕಣ್ಣಿನಲ್ಲಿ ಏನೂ ಶೇಖರವಾಗಲಿಲ್ಲ, ಆದರೆ ಸಂಜೆಗೆ ರೆಪ್ಪೆ ಬೇಸಿಗೆಯ ಕೆರೆಯಂಗಳದಂತೆ ಒಣಗಿ ಕಂಡಿತು. ಉಂಗುರ ಬೆರಳಿನಿಂದ ಕ್ರೀಮನ್ನು ಉಸಿರಿನಷ್ಟು ತೆಳುವಾಗಿ ತಟ್ಟಿ, ಎರಡು ನಿಮಿಷ ಬಿಟ್ಟು, ಅದೇ ಬಣ್ಣದ ಪುಡಿಯನ್ನು ಅದರ ಮೇಲೆ ತೇಲಿಸಿದಾಗ ಮಾತ್ರ ಎರಡೂ ಕಾಟ ತಪ್ಪಿತು. ಬೆಳಿಗ್ಗೆ ಹಚ್ಚಿದ ಮಾಯಿಶ್ಚರೈಸರ್ ಚರ್ಮಕ್ಕೆ ಇಂಗಲು ಹತ್ತು ನಿಮಿಷ ಕೊಡದಿದ್ದರೆ ಇದೂ ಕೆಡುತ್ತದೆ.

ಮಿನುಗಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ. ಐಶ್ಯಾಡೋದ ಹೊಳಪು ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ ಹಾಳೆಚೂರುಗಳಿಂದ ಬರುತ್ತದೆ. ಒಂದೊಂದು ಚೂರೂ ಪುಟ್ಟ ಕನ್ನಡಿ. ಸುಕ್ಕಿನ ಏರಿನಲ್ಲಿ ಕುಳಿತದ್ದು ಬೆಳಕನ್ನು ಹಿಂದಿರುಗಿಸಿದರೆ, ತಗ್ಗಿನಲ್ಲಿ ಬಿದ್ದದ್ದು ನೆರಳಿನಲ್ಲಿ ಉಳಿಯುತ್ತದೆ, ಏರುತಗ್ಗು ಎದ್ದು ಕಾಣುತ್ತದೆ. ಹಾಗೆಂದು ಪೂರ್ತಿ ಮ್ಯಾಟ್ ಬಳಸಿದರೆ ಮುಖ ಸುಣ್ಣ ಬಳಿದಂತಾಗುವುದೂ ನಿಜ. ರೇಷ್ಮೆಯಷ್ಟೇ ಮಂದವಾದ ಹೊಳಪನ್ನು ರೆಪ್ಪೆಯ ನಡುಮಧ್ಯದಲ್ಲಿ ಒಂದು ಬೆರಳೊತ್ತಿನಷ್ಟು ಇಟ್ಟುಕೊಂಡು ಉಳಿದೆಡೆ ಮ್ಯಾಟ್ ಹಚ್ಚುವುದು ನನಗೆ ಒಪ್ಪಿತು. ಹೇಗೂ ಮೈಮೇಲೆ ಮೈಸೂರು ಸಿಲ್ಕಿನ ಜರಿಯಂಚು ಇರುವಾಗ ಮಿನುಗುವ ಕೆಲಸವನ್ನು ಅದಕ್ಕೆ ಬಿಡಬಹುದು. ನೆರಳಿನ ಕಂದನ್ನು ಸಹಜವಾದ ಮಡಿಕೆಯಲ್ಲೇ ಹಚ್ಚಿದರೆ ಕಣ್ಣು ತೆರೆದೊಡನೆ ಅದು ಮಾಯವಾಗುತ್ತದೆ. ನೇರ ನೋಡುತ್ತಾ, ಮಡಿಕೆಗಿಂತ ಅರ್ಧ ಬೆರಳು ಮೇಲೆ ಹಚ್ಚಿದಾಗ ಜೋತ ಚರ್ಮ ಹಿಂದೆ ಸರಿದಂತೆ ಕಾಣುತ್ತದೆ.

ಎವೆಗಳಿಗೆ ಬಳಿಯುವ ಮಸ್ಕಾರದಲ್ಲಿ ವಾಟರ್‌ಪ್ರೂಫ್ ಮತ್ತು ಟ್ಯೂಬಿಂಗ್ ಎಂಬ ಎರಡು ಜಾತಿಗಳ ನಡುವೆ ಸ್ಪರ್ಧೆ ನಡೆಯಿತೆನ್ನುವುದಕ್ಕಿಂತ ಒಂದು ಮೊದಲ ದಿನವೇ ಸೋತಿತೆನ್ನಬೇಕು. ವಾಟರ್‌ಪ್ರೂಫ್ ನಿಂತದ್ದೇನೋ ನಿಂತಿತು. ರಾತ್ರಿ ಅದನ್ನು ತೆಗೆಯಲು ಎಣ್ಣೆ ಹಾಕಿ ಉಜ್ಜುವಾಗ ಹತ್ತಿಯ ಮೇಲೆ ಐದು ಎವೆಗಳು ಬಂದವು. ಇರುವುದೇ ಎಣಿಕೆಯಷ್ಟು. ಟ್ಯೂಬಿಂಗ್ ಮಸ್ಕಾರ ಒಂದೊಂದು ಎವೆಯ ಸುತ್ತಲೂ ಪಾಲಿಮರಿನ ಕೊಳವೆಯಾಗಿ ಗಟ್ಟಿಯಾಗುತ್ತದೆ, ಬೆವರು ಮತ್ತು ಜಿಡ್ಡಿಗೆ ಕರಗದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆದ ಮೇಲೆ ಉಜ್ಜದೆಯೇ ಕಳಚಿಕೊಳ್ಳುತ್ತದೆ. ಗ್ಲಾಕೋಮಾಕ್ಕೆ ಬೈಮ್ಯಾಟೊಪ್ರಾಸ್ಟ್ ಹನಿ ಹಾಕಿಕೊಳ್ಳುವ ನನ್ನ ಗೆಳತಿಗೆ ಇದಾವುದೂ ಬೇಡ; ಆ ಔಷಧದ ಅಡ್ಡಪರಿಣಾಮವಾಗಿ ಅವಳ ಎವೆಗಳು ಉದ್ದಕ್ಕೆ ದಟ್ಟವಾಗಿ ಬೆಳೆದಿವೆ, ಜೊತೆಗೆ ರೆಪ್ಪೆಯ ಚರ್ಮವೂ ಕಪ್ಪಾಗಿದೆಯೆಂದು ಅವಳು ಗೊಣಗುತ್ತಾಳೆ. ಯಾವ ಮಸ್ಕಾರವೇ ಆಗಲಿ, ತೆರೆದು ಮೂರು ತಿಂಗಳಾದ ಮೇಲೆ ದುಡ್ಡಿನ ಮುಖ ನೋಡದೆ ಎಸೆಯಬೇಕು. ಬ್ರಷ್ ಒಳಗೆ ಹೋಗಿ ಬರುವಾಗಲೆಲ್ಲ ಸೂಕ್ಷ್ಮಾಣುಗಳನ್ನೂ ಕೊಂಡೊಯ್ಯುತ್ತದೆ.

ಗೆರೆ ಮತ್ತು ಐಶ್ಯಾಡೋ ತೆಗೆಯಲು ಕೊಬ್ಬರಿ ಎಣ್ಣೆ, ಮೈಸೆಲರ್ ವಾಟರ್ ಎಂಬ ಮೇಕಪ್ ತೆಗೆಯುವ ನೀರಿನಂಥ ದ್ರವ ಎರಡನ್ನೂ ಬಳಸಿದೆ. ಎಣ್ಣೆ ಚೆನ್ನಾಗಿ ಕರಗಿಸುತ್ತದೆ, ಆದರೆ ಕಣ್ಣೊಳಗೆ ಹೋಗಿ ಅರ್ಧ ಗಂಟೆ ದೃಷ್ಟಿ ಮಬ್ಬಾಗಿಸುತ್ತದೆ. ಮೈಸೆಲರ್ ವಾಟರ್‌ನಲ್ಲಿ ತೊಯ್ದ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲೆ ಇಪ್ಪತ್ತು ಎಣಿಸುವವರೆಗೆ ಒತ್ತಿಟ್ಟು ಕೆಳಮುಖವಾಗಿ ಸವರಿದರೆ ಸಾಕಾಯಿತು, ಆಮೇಲೆ ನೀರಿನಲ್ಲಿ ತೊಳೆದುಕೊಂಡೆ.

ಮದುವೆಯ ದಿನ ಧಾರೆಗೆ ಮುಂಚಿನ ಹೋಮದ ಹೊಗೆ ಇಡೀ ಛತ್ರವನ್ನು ತುಂಬಿತ್ತು, ಓಲಗ ಗಟ್ಟಿಯಾದ ಗಳಿಗೆಯಲ್ಲಿ ತಂಗಿಯೂ ನಾನೂ ಸಾಕಷ್ಟು ಅತ್ತೆವು. ಜೆಲ್‌ನ ಮೇಲೆ ಒತ್ತಿದ ಪುಡಿ ಕದಲಲಿಲ್ಲ, ಮಸ್ಕಾರ ಇಳಿಯಲಿಲ್ಲ, ಆರತಕ್ಷತೆಯ ಹೊತ್ತಿಗೆ ರೆಪ್ಪೆಯ ಬಣ್ಣ ಒಂದಿಷ್ಟು ಮಾಸಿತ್ತು. ರಾತ್ರಿ ಬಚ್ಚಲಲ್ಲಿ ಬೆಚ್ಚಗಿನ ನೀರು ತಟ್ಟಿಕೊಂಡಾಗ ಮಸ್ಕಾರದ ಕೊಳವೆಗಳು ಕಪ್ಪು ನೂಲಿನ ಚೂರುಗಳಂತೆ ಅಂಗೈಗೆ ಬಂದವು. ಎಣಿಸಿ ನೋಡಿದೆ, ಒಂದೂ ಎವೆಯಿರಲಿಲ್ಲ. ಅಮ್ಮನ ಬೆಳ್ಳಿಯ ಡಬ್ಬಿಯಲ್ಲಿದ್ದ ಕಾಡಿಗೆಯನ್ನು ಅಂದು ಬೆಳಿಗ್ಗೆಯೇ ತಂಗಿಯ ಕೈಗೆ ಕೊಟ್ಟಿದ್ದೆ, ಅವಳು ಅದನ್ನು ಬೆರಳ ತುದಿಗೆ ತೆಗೆದುಕೊಂಡು ಮಗಳ ಎಡಗೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು.