ಬಿಆರ್‌ಎಸ್‌ಆರ್ ವರದಿ: ನೀರಿನ ಲೆಕ್ಕ ಸಿಗುತ್ತದೆ, ಸರ್ಕಾರಕ್ಕೆ ಹೇಳಿದ ಮಾತಿನ ಲೆಕ್ಕ ಸಿಗುವುದಿಲ್ಲ

ಒಂದು ಕಂಪನಿ ಸಮಾಜಕ್ಕೆ, ಪರಿಸರಕ್ಕೆ ಎಷ್ಟು ಹೊಣೆಯಾಗಿ ನಡೆದುಕೊಳ್ಳುತ್ತಿದೆ ಎಂದು ತಿಳಿಯಬೇಕಿದ್ದರೆ ಜಾಹೀರಾತು, ಸಸಿ ನೆಡುವ ಫೋಟೊ, ವೆಬ್‌ಸೈಟಿನ ಹಸಿರು ಪುಟ ಎಲ್ಲ ಪಕ್ಕಕ್ಕಿಟ್ಟು ಬಿಆರ್‌ಎಸ್‌ಆರ್ ತೆರೆಯಿರಿ. ‘ಬಿಸಿನೆಸ್ ರೆಸ್ಪಾನ್ಸಿಬಿಲಿಟಿ ಆಂಡ್ ಸಸ್ಟೇನಬಿಲಿಟಿ ರಿಪೋರ್ಟ್’ ಎಂಬುದರ ಚುಟುಕು ರೂಪ ಅದು, ಅಂದರೆ ಕಂಪನಿ ತನ್ನ ಹೊಣೆಗಾರಿಕೆ, ಸುಸ್ಥಿರತೆಯ ಬಗ್ಗೆ ವರ್ಷವರ್ಷ ಕೊಡುವ ವರದಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಮೇ ತಿಂಗಳಲ್ಲಿ ತಂದ ನಮೂನೆ ಇದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಷೇರುಪೇಟೆ ಕಂಪನಿಗಳಿಗೆ 2022-23ರಿಂದ ಕಡ್ಡಾಯ. ಎನ್‌ಎಸ್‌ಇ ಅಥವಾ ಬಿಎಸ್‌ಇ ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ದುಡ್ಡಿಲ್ಲದೆ ಸಿಗುತ್ತದೆ.

ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕೋಷ್ಟಕ, ಈ ವರ್ಷದ ಅಂಕಿಯ ಪಕ್ಕದಲ್ಲೇ ಹೋದ ವರ್ಷದ್ದು. ಇದೇ ಇದರ ದೊಡ್ಡ ಗುಣ. ಪ್ರಶ್ನೆಗಳನ್ನು ಒಂಬತ್ತು ‘ತತ್ವ’ಗಳ ಕೆಳಗೆ ಹಂಚಿದ್ದಾರೆ. ಪರಿಸರದ ಬಗೆಗಿನ 6ನೇ ತತ್ವದ ಕೆಳಗಿರುವ ನೀರಿನ ಕೋಷ್ಟಕವನ್ನೇ ನೋಡಿ. ಮೇಲ್ಮೈ ನೀರು, ಅಂತರ್ಜಲ, ಬೇರೆಯವರಿಂದ ಪಡೆದದ್ದು, ಸಮುದ್ರದ ನೀರು, ಇತರೆ. ಎಲ್ಲವೂ ಕಿಲೋಲೀಟರಿನಲ್ಲಿ. ‘ಜಲ ಸಂರಕ್ಷಣೆಗೆ ನಾವು ಬದ್ಧರು’ ಎಂದು ಬರೆಯಲು ಇಲ್ಲಿ ಸಾಲೇ ಇಲ್ಲ.

ಬೆಂಗಳೂರಿನ ಕಂಪನಿಯಾದರೆ ‘ಬೇರೆಯವರಿಂದ’ ಎಂಬ ಸಾಲಿನ ಮೇಲೆ ಕಣ್ಣಿಡಿ. ಜಲಮಂಡಳಿಯ ನೀರೂ ಟ್ಯಾಂಕರ್ ನೀರೂ ಅದರಲ್ಲೇ ಸೇರುತ್ತವೆ. ಟ್ಯಾಂಕರ್ ತುಂಬುವುದು ಬಹುಪಾಲು ಯಾರದೋ ಕೊಳವೆಬಾವಿಯಿಂದ. ಆದರೂ ಅದು ಅಂತರ್ಜಲದ ಸಾಲಿಗೆ ಬರುವುದಿಲ್ಲ. ಕಂಪನಿ ತನ್ನ ಬೋರ್‌ವೆಲ್ ನಿಲ್ಲಿಸಿ ಟ್ಯಾಂಕರ್ ತರಿಸಿಕೊಂಡರೆ ಕಾಗದದ ಮೇಲೆ ಅಂತರ್ಜಲ ಬಳಕೆ ಇಳಿದಂತೆಯೇ ಕಾಣುತ್ತದೆ. ಎರಡೂ ಸಾಲು ಕೂಡಿಸಿ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಇನ್ನೊಂದು ಕಡೆ ಎಡವುವುದು ‘ವಹಿವಾಟಿನ ರೂಪಾಯಿಗೆ ಎಷ್ಟು ನೀರು’ ಎಂಬ ಸಾಲಿನಲ್ಲಿ. ಒಂದು ಲೆಕ್ಕ ಹಾಕೋಣ. ಮೊದಲ ವರ್ಷ 1000 ಕೋಟಿ ವಹಿವಾಟಿಗೆ 10 ಲಕ್ಷ ಕಿಲೋಲೀಟರ್, ಅಂದರೆ ಕೋಟಿಗೆ 1000. ಮರುವರ್ಷ 1200 ಕೋಟಿಗೆ 10.8 ಲಕ್ಷ, ಅಂದರೆ ಕೋಟಿಗೆ 900. ಪತ್ರಿಕಾ ಹೇಳಿಕೆಯಲ್ಲಿ ‘ಶೇ 10 ಇಳಿಕೆ’ ಎಂದು ಬರುತ್ತದೆ. ಊರಿನ ನೀರು ಮಾತ್ರ ಶೇ 8 ಹೆಚ್ಚು ಖರ್ಚಾಗಿದೆ. ಸರಕಿನ ಬೆಲೆ ಏರಿಸಿದರೂ ಈ ಅನುಪಾತ ತಾನಾಗಿ ಇಳಿಯುತ್ತದೆ. ಹಾಗಾಗಿ ಮೊದಲು ಒಟ್ಟು ಮೊತ್ತ ಓದಿ, ಅನುಪಾತವನ್ನು ಆಮೇಲೆ.

ಹೋಲಿಕೆಗೆ ಇಳಿಯುವ ಮುನ್ನ ಕಂಪನಿಯ ಸಾಮಾನ್ಯ ವಿವರಗಳಿರುವ ‘ಎ’ ಭಾಗದ 13ನೇ ಅಂಶ ನೋಡಲೇಬೇಕು. ಅಂಕಿ ಕಂಪನಿಯೊಂದರದ್ದೋ ಅಂಗಸಂಸ್ಥೆಗಳೂ ಸೇರಿದ್ದೋ ಎಂಬುದು ಅಲ್ಲಿದೆ. ವರ್ಷದಿಂದ ವರ್ಷಕ್ಕೆ ಅದು ಬದಲಾಗಿದ್ದರೆ ಹೋಲಿಕೆಗೆ ಅರ್ಥವಿಲ್ಲ. 3ನೇ ತತ್ವದ ಅಪಘಾತದ ದರವನ್ನು 10 ಲಕ್ಷ ಕೆಲಸದ ಗಂಟೆಗೆ ಲೆಕ್ಕ ಹಾಕಿರುತ್ತಾರೆ. ಅದರಲ್ಲಿ ಗುತ್ತಿಗೆ ಕಾರ್ಮಿಕರು ಸೇರಿದ್ದಾರೆಯೇ ಎಂದು ಅಡಿಟಿಪ್ಪಣಿ ಹುಡುಕಿ. ಅಪಾಯದ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರುವುದು.

ಈಗ 7ನೇ ತತ್ವ. ಸರ್ಕಾರದ ನೀತಿ ತಿದ್ದಿಸಲು ಕಂಪನಿ ಏನು ಮಾಡುತ್ತಿದೆ ಎಂಬುದು ಇಲ್ಲಿ ಬರಬೇಕು. ಕೋಷ್ಟಕ ನಿಜಕ್ಕೂ ಚೆನ್ನಾಗಿದೆ: ಯಾವ ನೀತಿಯ ಬಗ್ಗೆ ಮಾತಾಡಿದಿರಿ, ಯಾವ ದಾರಿಯಲ್ಲಿ, ಅದು ಸಾರ್ವಜನಿಕರಿಗೆ ಲಭ್ಯವೇ, ನಿರ್ದೇಶಕ ಮಂಡಳಿ ಎಷ್ಟು ಸಲ ಪರಿಶೀಲಿಸುತ್ತದೆ, ಕೊಂಡಿ ಎಲ್ಲಿ. ಆದರೆ ಇದನ್ನು ‘ಲೀಡರ್‌ಶಿಪ್’ ಸೂಚಕ ಮಾಡಿದ್ದಾರೆ, ಅಂದರೆ ಐಚ್ಛಿಕ. ಕಡ್ಡಾಯವಾಗಿರುವುದು ಸದಸ್ಯತ್ವ ಪಡೆದ ವಾಣಿಜ್ಯ ಸಂಘಗಳ ಪಟ್ಟಿ ಮತ್ತು ಸ್ಪರ್ಧಾ ನಿಯಮ ಮುರಿದ ಪ್ರಕರಣಗಳಲ್ಲಿ ತೆಗೆದುಕೊಂಡ ಕ್ರಮ. ಸಿಐಐ, ಫಿಕ್ಕಿಯಂಥ ಹೆಸರು ಸಾಲಾಗಿ ಬರೆದರೆ ಪಟ್ಟಿ ತುಂಬಿತು. ಆ ಸಂಘದ ಮೂಲಕ ಕಾರ್ಮಿಕ ಕಾನೂನಿಗೋ ಮಾಲಿನ್ಯದ ಮಿತಿಗೋ ಏನು ತಿದ್ದುಪಡಿ ಕೇಳಿದರು ಎಂಬುದನ್ನು ಹೇಳಬೇಕಿಲ್ಲ. ಹವಾಮಾನದ ಬಗ್ಗೆ ನಾಲ್ಕು ಪುಟ ಬರೆಯುವ ಕಂಪನಿ, ಅದೇ ವಿಷಯದಲ್ಲಿ ಸರ್ಕಾರದ ಬಳಿ ಏನು ಕೇಳಿತು ಎಂಬ ಒಂದು ಸಾಲನ್ನು ಬಿಟ್ಟುಬಿಡಬಹುದು. ನಮೂನೆಯ ಅತಿ ದೊಡ್ಡ ಲೋಪ ಇದು. ಸೆಬಿ ಇದನ್ನು ಕಡ್ಡಾಯದ ಪಟ್ಟಿಗೆ ತರಬೇಕು.

8ನೇ ತತ್ವದಲ್ಲೂ ಇಂಥದ್ದೇ ಒಂದಿದೆ. ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ, ಅಂದರೆ ಅಭಿವೃದ್ಧಿಯಲ್ಲಿ ಹಿಂದುಳಿದವೆಂದು ಕೇಂದ್ರ ಸರ್ಕಾರ ಗುರುತಿಸಿದ ಜಿಲ್ಲೆಗಳಲ್ಲಿ, ಸಾಮಾಜಿಕ ಹೊಣೆಗಾರಿಕೆಗೆಂದು ಮಾಡಿದ ಸಿಎಸ್‌ಆರ್ ಖರ್ಚಿನ ವಿವರ ಐಚ್ಛಿಕ. ಕರ್ನಾಟಕದಲ್ಲಿ ಅಂಥವು ರಾಯಚೂರು, ಯಾದಗಿರಿ. ಆ ಸಾಲು ಖಾಲಿಯಿದ್ದರೆ ಖರ್ಚು ಆಗಿಲ್ಲವೋ, ಹೇಳಿಲ್ಲವೋ ತಿಳಿಯುವುದಿಲ್ಲ.

ಭಾಷೆಯದ್ದು ಬೇರೆಯೇ ನೋವು. ಸ್ಥಳೀಯ ಜನರ ದೂರು ಸ್ವೀಕರಿಸುವ ವ್ಯವಸ್ಥೆ ಏನು ಎಂದು ಇದೇ 8ನೇ ತತ್ವ ಕೇಳುತ್ತದೆ. ಉತ್ತರ ಇರುವುದು ನೂರಾರು ಪುಟಗಳ ಇಂಗ್ಲಿಷ್ ಪಿಡಿಎಫ್‌ನ ಒಳಗೆ. ಕಾರ್ಖಾನೆ ಗೇಟಿನ ಪಕ್ಕದ ಹಳ್ಳಿಯವರ ಕೈಗೆ ಅದು ತಲುಪುವುದು ಹೇಗೆ? ನೀರು, ತ್ಯಾಜ್ಯ, ಅಪಘಾತ, ದೂರು ಇವಿಷ್ಟು ಎರಡು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ ಪಂಚಾಯಿತಿ ಕಚೇರಿಗೆ ಕೊಡಲು ಯಾವ ಕಂಪನಿಗೂ ಕಷ್ಟವಲ್ಲ.

ಅಲ್ಲಿಯವರೆಗೆ ‘ಎ’ ಭಾಗದ 12ನೇ ಅಂಶ ಬಳಸಿಕೊಳ್ಳಿ. ವರದಿಯ ಬಗ್ಗೆ ಯಾರನ್ನು ಕೇಳಬೇಕು ಎಂದು ಹೆಸರು, ಫೋನ್, ಇಮೇಲ್ ಸಮೇತ ಅಲ್ಲಿರುತ್ತದೆ. ಪುಟದ ಸಂಖ್ಯೆ, ಸಾಲು, ಎರಡು ವರ್ಷದ ಅಂಕಿ ನಮೂದಿಸಿ ಒಂದೇ ಪ್ರಶ್ನೆ ಕೇಳಿ. 7ನೇ ತತ್ವದ ಕೋಷ್ಟಕ ಯಾಕೆ ಖಾಲಿ ಎಂಬುದರಿಂದಲೇ ಶುರುಮಾಡಬಹುದು.